ದೀಪಕ್ಕೂ ಕಣ್ಣಿಗೂ ನಡುವೆ

"ಗುರುಗಳೇ, ಈ ಮೂರರಲ್ಲಿ ಯಾವುದು ಶ್ರೇಷ್ಠ? ಯಾವುದನ್ನು ಕೂರಿಸಲಿ?"

ಅಡಿವೆಪ್ಪ ಹೀಗೆ ಕೇಳಿ ಅಂಗೈ ಬಿಚ್ಚಿದ. ಅಂಗೈಯಲ್ಲಿ ಮೂರು ಕಪ್ಪು ಬಿಡಿಭಾಗಗಳಿದ್ದವು. ಒಂದೊಂದೂ ಅವರೆಕಾಳಿನಷ್ಟು. ಒಂದೊಂದಕ್ಕೂ ಎರಡು ಬದಿಗೆ ತಂತಿಯ ಕಾಲುಗಳು. ವಿದ್ಯುತ್ ಕೆಲಸದವರು ಇದನ್ನು ಆಪ್ಟೋಕಪ್ಲರ್ ಎನ್ನುತ್ತಾರೆ.

ಅವನು ಮಠದ ಕೈಗಾರಿಕಾ ಶಾಲೆಯ ಶಿಷ್ಯ. ಎದುರಿಗೆ ಜಗಲಿಯ ಮೇಲೆ ಕುಳಿತಿದ್ದವರು ಅಮರಯ್ಯನವರು. ವಿದ್ಯುತ್ತಿನ ಕಸುಬನ್ನು ಅಲ್ಲಿ ಕಲಿಸುತ್ತಿದ್ದವರು ಅವರೇ.

ಆ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಕಲಿಕೆ ಮುಗಿಸಿದ ಶಿಷ್ಯ ನಿಜವಾಗಿ ಉಪಯೋಗಕ್ಕೆ ಬರುವ ಒಂದು ಕೆಲಸ ಮಾಡಿಕೊಟ್ಟು ಹೋಗಬೇಕು. ಅಡಿವೆಪ್ಪನ ಪಾಲಿಗೆ ಬಂದದ್ದು ದಾಸೋಹದ ಅಡುಗೆಮನೆ. ಅಲ್ಲಿಯ ದೊಡ್ಡ ರುಬ್ಬುವ ಯಂತ್ರಕ್ಕೆ ಅವನು ಕಂಟ್ರೋಲ್ ಪ್ಯಾನೆಲ್ ಕಟ್ಟಬೇಕಾಗಿತ್ತು. ಯಂತ್ರ ಶುರುವಾಗುವ ದಿನ ಗುಂಡಿಯನ್ನು ಮೊದಲು ಒತ್ತುವವರು ಗುರುಗಳೇ. ಅದೂ ಕೈ ತೊಳೆದು, ಒರೆಸಿಕೊಳ್ಳದೆ, ಹಸಿಗೈಯಲ್ಲಿ. ಅಡುಗೆಮನೆಯಲ್ಲಿ ಒಣಗೈ ಯಾರದ್ದಿರುತ್ತದೆ ಎಂದು ಅವರು ಹೇಳುತ್ತಿದ್ದರು.

ಆ ದಿನ ನಾಳೆಯೇ ಇತ್ತು. ಪ್ಯಾನೆಲ್ಲಿನ ಒಳಗೆ ಕೂರುವ ಬೋರ್ಡನ್ನು ಅಡಿವೆಪ್ಪ ತನ್ನ ಕೈಯಾರೆ ಮಾಡಿದ್ದ. ತಾಮ್ರ ಹೊದಿಸಿದ ಹಲಗೆಯ ಮೇಲೆ ಕುಂಚದಿಂದ ಬಣ್ಣದ ಗೆರೆ ಎಳೆದು, ದ್ರಾವಣದಲ್ಲಿ ಮುಳುಗಿಸಿ ತೆಗೆದರೆ ಬಣ್ಣದ ಕೆಳಗಿನ ತಾಮ್ರವಷ್ಟೇ ಉಳಿಯುತ್ತದೆ, ಉಳಿದದ್ದು ಕರಗುತ್ತದೆ. ಹಾಗೆ ಮಾಡಿದ ಬೋರ್ಡಿನ ಒಂದು ಕಡೆ ಮೋಟರಿನ ದೊಡ್ಡ ಕರೆಂಟಿನ ದಾರಿ. ಇನ್ನೊಂದು ಕಡೆ ಗುಂಡಿಯ ಸಣ್ಣ ಕರೆಂಟಿನ ದಾರಿ. ನಡುವೆ ಹೊಲದ ಬದುವಿನಂತೆ ಬರಿಜಾಗ. ಆ ಬರಿಜಾಗದಲ್ಲಿ, ಕುಂಚದಲ್ಲಿ ಉಳಿದ ಬಣ್ಣದಿಂದ, ಅಡಿವೆಪ್ಪ ಗುರುಗಳ ಹೆಸರು ಬರೆದಿದ್ದ. 'ಶ್ರೀ ಗುರು ಅಮರಯ್ಯ' ಎಂಬ ಅಕ್ಷರಗಳು ತಾಮ್ರದಲ್ಲಿ ಮೂಡಿ ಫಳಫಳ ಹೊಳೆಯುತ್ತಿದ್ದವು. ಆ ಅಂಚಿನಿಂದ ಈ ಅಂಚಿನವರೆಗೆ ಹೆಸರು ತುಂಬಿಕೊಂಡಿತ್ತು.

ಹಿಂದಿನ ಯಾವ ಶಿಷ್ಯನೂ ಹೀಗೆ ಮಾಡಿರಲಿಲ್ಲ. ಅದು ಅವನಿಗೆ ಗೊತ್ತಿತ್ತು. ಗುರುಗಳು ಬೋರ್ಡನ್ನು ಕೈಗೆ ತೆಗೆದುಕೊಂಡಾಗ ಅವನ ಎದೆ ಉಬ್ಬಿತು. ಅವರು ಅದನ್ನು ತಿರುಗಿಸಿ ನೋಡಿದರು. ಹೆಬ್ಬೆರಳಿನಿಂದ ಬೆಸುಗೆಗಳನ್ನು ಸವರಿದರು. ಬೆಸುಗೆ ಚೆನ್ನಾಗಿದೆ ಎಂದರು. ಹೆಸರಿನ ಮಾತೆತ್ತಲಿಲ್ಲ. ವಯಸ್ಸಾದ ಕಣ್ಣು, ಕಂಡಿರಲಿಕ್ಕಿಲ್ಲ ಎಂದು ಅಡಿವೆಪ್ಪ ಸಮಾಧಾನ ಮಾಡಿಕೊಂಡ. ಆಗಲೇ ಅವನು ಆ ಪ್ರಶ್ನೆ ಕೇಳಿದ್ದು.

ಅಮರಯ್ಯನವರು ಬೋರ್ಡನ್ನು ಮಡಿಲಲ್ಲಿಟ್ಟುಕೊಂಡರು. "ಕೂತುಕೋ ತಮ್ಮಾ, ಒಬ್ಬ ಮೇಸ್ತ್ರಿಯ ಕತೆ ಹೇಳುತ್ತೇನೆ" ಎಂದರು.

ಒಂದೂರಿನಲ್ಲಿ ಒಬ್ಬ ಮೇಸ್ತ್ರಿ ಇದ್ದ. ಕಾರ್ಖಾನೆಗಳಿಗೆ ಕಂಟ್ರೋಲ್ ಪ್ಯಾನೆಲ್ ಕಟ್ಟುವುದು ಅವನ ಕಸುಬು. ಕೈಯಲ್ಲಿ ಕೆಲಸದ ಹುನ್ನರ ಇತ್ತು, ಬಾಯಲ್ಲಿ ಶಿವನಾಮ ಇತ್ತು, ಎದೆಯಲ್ಲಿ ಹೆಮ್ಮೆಯೂ ಇತ್ತು. ಹೆಮ್ಮೆ ಸುಮ್ಮನೆ ಬಂದದ್ದಲ್ಲ. ನೀನು ಕಟ್ಟಿದ್ದು ಕೆಟ್ಟಿತು ಎಂದು ಒಬ್ಬರೂ ಅವನ ಬಾಗಿಲಿಗೆ ಬಂದಿರಲಿಲ್ಲ.

ಆ ಊರಿನಲ್ಲಿ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಒಂದಿತ್ತು. ಅದರ ಸಾವಕಾರ ಮೇಸ್ತ್ರಿಯನ್ನು ಕರೆಸಿದ. ಬಣ್ಣದ ತೊಟ್ಟಿಯ ಮೇಲೆ ನೂಲಿನ ಲಡಿಗಳನ್ನು ತಿರುಗಿಸುವ ಮೋಟರಿಗೆ ಹೊಸ ಪ್ಯಾನೆಲ್ ಬೇಕಾಗಿತ್ತು. ಹಳೆಯ ಪ್ಯಾನೆಲ್ಲಿನಲ್ಲಿ ಗುಂಡಿಗೂ ಮೋಟರಿಗೂ ಒಂದೇ ಕರೆಂಟು. ಗುಂಡಿ ಒತ್ತಲು ಹೋದ ಒಬ್ಬ ಹೆಣ್ಣಾಳನ್ನು ಅದು ಎತ್ತಿ ಒಗೆದಿತ್ತು. ಜೀವ ಉಳಿದದ್ದು ದೊಡ್ಡದು. ಅಂದಿನಿಂದ ಆ ತೊಟ್ಟಿಯ ಹತ್ತಿರ ನಿಲ್ಲಲು ಯಾರೂ ಒಪ್ಪುತ್ತಿರಲಿಲ್ಲ.

ಕೊನೆಗೆ ಬಾಳವ್ವ ಎಂಬವಳು ಒಪ್ಪಿದಳು. ಅವಳ ಕೈ ಒಂದು ದಿನ ಕೆಂಪು, ಒಂದು ದಿನ ಹಸಿರು. ಒಣಗಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಅವಳದೊಂದು ಕರಾರು ಇತ್ತು. ಸಾವಕಾರನ ಭರವಸೆ ತನಗೆ ಬೇಡ, ಪ್ಯಾನೆಲ್ ಕಟ್ಟುವವನು ತನ್ನ ಮುಖ ನೋಡಿ ಮಾತು ಕೊಡಬೇಕು ಎಂದಳು.

ಮೇಸ್ತ್ರಿ ಅವಳ ಮುಖ ನೋಡಿಯೇ ಹೇಳಿದ. "ತಂಗೆವ್ವಾ, ನಾ ಕಟ್ಟಿದ ಗುಂಡಿ ನಿನ್ನ ಕಚ್ಚಿತಂದ್ರ ಅವತ್ತಿಗೆ ನಾ ಈ ಕಸಬ ಬಿಡತೀನಿ."

ಹೀಗೆ ಒಬ್ಬಳ ಜೀವ, ಒಬ್ಬನ ಮಾತು, ಎರಡೂ ಒಂದು ಗುಂಡಿಯ ಮೇಲೆ ಕೂತವು.

ಮೇಸ್ತ್ರಿ ಪೇಟೆಗೆ ಹೋದ. ಅಂಗಡಿಯವನು ಅವನ ಮುಂದೆ ಮೂರು ಬಗೆಯ ಆಪ್ಟೋಕಪ್ಲರ್ ಇಟ್ಟ. ಅದು ಎಂಥ ವಸ್ತು ಎಂದು ನಿನಗೆ ಗೊತ್ತು. ಆದರೂ ಹೇಳುತ್ತೇನೆ, ಗೊತ್ತಿದ್ದದ್ದನ್ನು ಇನ್ನೊಮ್ಮೆ ಕೇಳಿದರೆ ಕಿವಿ ಸವೆಯುವುದಿಲ್ಲ. ಅದರೊಳಗೆ ಒಂದು ಬದಿಗೆ ಪುಟ್ಟ ದೀಪ. ಎದುರು ಬದಿಗೆ ಆ ದೀಪವನ್ನೇ ನೋಡುವ ಒಂದು ಕಣ್ಣು. ಎರಡರ ನಡುವೆ ತಂತಿ ಇಲ್ಲ. ಇತ್ತ ಗುಂಡಿ ಒತ್ತಿದರೆ ದೀಪ ಹೊತ್ತುತ್ತದೆ. ಅತ್ತ ಕಣ್ಣು ಅದನ್ನು ಕಂಡು ಮೋಟರಿಗೆ ಅಪ್ಪಣೆ ಕೊಡುತ್ತದೆ. ಬೆಳಕು ದಾಟುತ್ತದೆ, ಕರೆಂಟು ದಾಟುವುದಿಲ್ಲ. ಮೋಟರಿನ ಕರೆಂಟು ಎಷ್ಟೇ ಕೆರಳಿದರೂ ಗುಂಡಿಯ ಮೇಲಿನ ಬೆರಳಿಗೆ ಬರಲಾರದು.

ಅಂಗಡಿಯವನು ಮೊದಲನೆಯದನ್ನು ಹೊಗಳಿದ. ಇದರ ಕಣ್ಣು ಬಲು ಚುರುಕು, ದೀಪ ಮಿಣುಕಿದರೂ ಸಾಕು, ಕಂಡುಬಿಡುತ್ತದೆ ಎಂದ. ಮೇಸ್ತ್ರಿ ಬೇಡವೆಂದು ತಲೆಯಾಡಿಸಿದ. ಕಾರ್ಖಾನೆಯಲ್ಲಿ ಗುಂಡಿಯಿಂದ ಪ್ಯಾನೆಲ್ಲಿಗೆ ಉದ್ದದ ತಂತಿ. ಪಕ್ಕದಲ್ಲೇ ದೊಡ್ಡ ಮೋಟರುಗಳು. ಅವು ಶುರುವಾದಾಗ ಈ ತಂತಿಯೂ ಸ್ವಲ್ಪ ನಡುಗುತ್ತದೆ, ದೀಪ ತುಸು ಮಿಣುಕುತ್ತದೆ. ಚುರುಕು ಕಣ್ಣು ಅದನ್ನೇ ಅಪ್ಪಣೆ ಎಂದುಕೊಂಡರೆ ಯಾರೂ ಒತ್ತದೆ ಯಂತ್ರ ತಿರುಗುತ್ತದೆ. ಆಗ ಬಾಳವ್ವನ ಕೈ ಲಡಿಯೊಳಗಿದ್ದರೆ ಏನು ಗತಿ. ಕರೆಯದಿದ್ದರೂ ಬರುವ ಆಳು ಮನೆಗೆ ಒಳ್ಳೆಯವನಲ್ಲ ಎಂದು ಅದನ್ನು ಪಕ್ಕಕ್ಕಿಟ್ಟ.

ಎರಡನೆಯದು ಬಲು ವೇಗದ್ದು. ಕಣ್ಣು ಮಿಟುಕಿಸುವುದರೊಳಗೆ ಸಾವಿರ ಸಲ ಹೊತ್ತಿ ಆರಿದರೂ ಒಂದನ್ನೂ ಬಿಡದೆ ಗುರುತಿಸುತ್ತದೆ. ಮೇಸ್ತ್ರಿ ನಕ್ಕ. ಬಾಳವ್ವ ಒಂದು ಲಡಿ ಮುಳುಗಿಸಿ ಎತ್ತುವುದರೊಳಗೆ ಒಂದು ಹರಟೆ ಮುಗಿಯುತ್ತದೆ. ಗಾಣದ ಎತ್ತಿನ ಕೆಲಸಕ್ಕೆ ಓಟದ ಕುದುರೆ ಯಾಕೆ ಎಂದ.

ಮೂರನೆಯದು ಚುರುಕೂ ಅಲ್ಲ, ವೇಗದ್ದೂ ಅಲ್ಲ. ಮೈ ಅಗಲ. ಆ ಬದಿಯ ಕಾಲಿಗೂ ಈ ಬದಿಯ ಕಾಲಿಗೂ ದೂರ ಹೆಚ್ಚು. ದೀಪ ಸರಿಯಾಗಿ ಹೊತ್ತಿದರೆ ಮಾತ್ರ ಒಪ್ಪುತ್ತದೆ. ಮೇಸ್ತ್ರಿ ಅದನ್ನೇ ಆರಿಸಿದ.

ಅಂಗಡಿಯವನು ಛೇಡಿಸಿದ. "ಏನ್ ಮೇಸ್ತ್ರಿ, ಮಂದಿ ಚುರುಕಿಂದ ಕೇಳತಾರ. ನೀವು ಮಂದಂದ ಹುಡುಕಿ ಒಯ್ಯಾಕ ಹತ್ತೀರಲ್ಲ?"

"ನಾ ಕೊಂಡದ್ದು ಇದರ ಬುದ್ಧಿ ಅಲ್ಲಪ್ಪಾ, ಇದರ ಕಾಲಿನ ನಡುವಿನ ಜಾಗ" ಎಂದು ಮೇಸ್ತ್ರಿ ಎದ್ದ.

ಅವನು ಕಟ್ಟಿದ ರೀತಿಯೂ ಹಾಗೇ ಇತ್ತು. ದೀಪಕ್ಕೂ ಮುಪ್ಪು ಇದೆ ಎಂದು ಅವನಿಗೆ ಗೊತ್ತಿತ್ತು. ವರ್ಷ ಕಳೆದಂತೆ ಅದು ಮಂಕಾಗುತ್ತದೆ. ಹಾಗೆಂದು ಮೊದಲೇ ಹೆಚ್ಚು ಉರಿಸಿದರೆ ಬೇಗ ಸಾಯುತ್ತದೆ. ಆದ್ದರಿಂದ ಇವತ್ತಿಗೂ ಸಾಕಾಗುವಂತೆ, ಮುಪ್ಪಿನಲ್ಲೂ ಕಾಣುವಂತೆ ಹದ ನೋಡಿ ಕರೆಂಟು ಕೊಟ್ಟ. ಬೋರ್ಡಿನ ನಡುವೆ ಅಗಲವಾದ ಬರಿಜಾಗ ಬಿಟ್ಟ. ಅದೂ ಸಾಲದೆಂದು ಆಪ್ಟೋಕಪ್ಲರಿನ ಹೊಟ್ಟೆಯ ಕೆಳಗೆ ಬೋರ್ಡನ್ನೇ ಸೀಳಿ ಒಂದು ಕಂಡಿ ಮಾಡಿದ. ಧೂಳು ಕೂತರೂ ಸೇತುವೆಯಾಗಬಾರದು ಎಂಬುದು ಅವನ ಲೆಕ್ಕ. ಎರಡೂ ಬದಿಗೆ ಅವನ ಕೈಗೆಲಸವಿದ್ದರೂ ನಡುವೆ ಅವನದೇನೂ ಇರಲಿಲ್ಲ. ಅದೇ ಅವನ ಕೆಲಸದ ಚೆಲುವು.

ಪ್ಯಾನೆಲ್ ಚಾಲೂ ಆಯಿತು. ಬಾಳವ್ವ ಹಸಿಗೈಯಲ್ಲಿ ಗುಂಡಿ ಒತ್ತಿದಳು. ಯಂತ್ರ ತಿರುಗಿತು. ಕೈಗೆ ಏನೂ ಆಗಲಿಲ್ಲ. ಬರಬರುತ್ತ ಅವಳು ಗುಂಡಿಯ ಕಡೆ ನೋಡದೆ, ಪಕ್ಕದವಳೊಡನೆ ಮಾತಾಡುತ್ತಲೇ ಒತ್ತುವಂತಾದಳು. ಮೇಸ್ತ್ರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ. ಕಾರ್ಖಾನೆಗೆ ಯಾರೇ ಬರಲಿ, ಅವನು ಪ್ಯಾನೆಲ್ಲಿನ ಬಾಗಿಲು ತೆಗೆದು ಬೋರ್ಡಿನ ನಡುವೆ ಬೆರಳು ತೋರಿಸುತ್ತಿದ್ದ.

"ಇಲ್ಲಿ ನೋಡ್ರಿ. ಇಲ್ಲೇನೂ ಇಲ್ಲ. ಅದ ನನ್ನ ಕೆಲಸ."

ಹೀಗಿರಲು ಮಹಾನವಮಿ ಬಂತು. ಖಂಡೇಪೂಜೆಯ ದಿನ ಕಾರ್ಖಾನೆಯ ಯಂತ್ರಗಳನ್ನೆಲ್ಲ ನಿಲ್ಲಿಸಿ, ತೊಳೆದು, ಪೂಜೆ ಮಾಡಿದರು. ಪ್ಯಾನೆಲ್ಲಿನ ಪೂಜೆ ಕಟ್ಟಿದವನೇ ಮಾಡಲಿ ಎಂದು ಸಾವಕಾರ ಮೇಸ್ತ್ರಿಯನ್ನು ಮುಂದಕ್ಕೆ ಕರೆದ. ಎಲ್ಲರ ಎದುರಿಗೆ ಸಿಕ್ಕ ಮಾನ. ಮೇಸ್ತ್ರಿಯ ಕಣ್ಣು ತುಂಬಿತು.

ಎಲ್ಲ ಕಡೆ ವಿಭೂತಿಯನ್ನು ಪ್ಯಾನೆಲ್ಲಿನ ಬಾಗಿಲಿಗೆ ಹಚ್ಚುತ್ತಾರೆ. ಮೇಸ್ತ್ರಿಗೆ ಅದು ಸಾಲದಾಯಿತು. ಬಾಗಿಲು ಏನು ಮಾಡಿದೆ, ಬಾಳವ್ವನ ಜೀವ ಕಾಯುತ್ತಿರುವುದು ಒಳಗಿನದಲ್ಲವೇ ಎಂದು ಬಾಗಿಲು ತೆಗೆದ. ಬೋರ್ಡು ಕಂಡಿತು. ನಡುವಿನ ಬರಿಜಾಗವೂ ಕಂಡಿತು. ದಿನವೂ ತೋರಿಸಿ ಹಿಗ್ಗುತ್ತಿದ್ದ ಜಾಗ ಅಂದು ಅವನಿಗೆ ಬೋಳುಬೋಳಾಗಿ ಕಂಡಿತು. ಹಬ್ಬದ ದಿನ ಬರಿಹಣೆ ಇದ್ದಂತೆ ಕಂಡಿತು. ವಿಭೂತಿಯನ್ನು ನೀರಿನಲ್ಲಿ ಕಲಸಿ, ಮೂರು ಬೆರಳು ಅದ್ದಿ, ಆ ಅಂಚಿನಿಂದ ಈ ಅಂಚಿಗೆ ಮೂರು ಎಳೆ ಎಳೆದ. ನಡುವಿನ ಎಳೆ ಆಪ್ಟೋಕಪ್ಲರಿನ ಮೈಮೇಲೆ ಹಾದುಹೋಯಿತು. ಕೈಮುಗಿದು ಬಾಗಿಲು ಮುಚ್ಚಿದ.

ವಿಭೂತಿ ಒಣಗಿತು. ಯಂತ್ರಗಳು ಮತ್ತೆ ತಿರುಗಿದವು. ಕೆಲವು ದಿನ ಏನೂ ಆಗಲಿಲ್ಲ.

ಆದರೆ ಅದು ಬಣ್ಣದ ಮನೆ. ನೂಲಿಗೆ ಬಣ್ಣ ಹಿಡಿಯಲೆಂದು ತೊಟ್ಟಿಗೆ ಉಪ್ಪು ಸುರಿಯುತ್ತಾರೆ. ಹಬೆ ಏಳುತ್ತದೆ, ಸಣ್ಣ ಹನಿ ಸಿಡಿಯುತ್ತದೆ. ಅದರ ಪಸೆ ಸಂದಿಗೊಂದಿಗೆಲ್ಲ ನುಗ್ಗುತ್ತದೆ. ನುಣುಪಾದ ಬರಿ ಬೋರ್ಡಿನ ಮೇಲೆ ಅದು ನಿಲ್ಲುತ್ತಿರಲಿಲ್ಲ. ಬೂದಿ ಅದನ್ನು ಹೀರಿಕೊಂಡು ಹಿಡಿದಿಟ್ಟಿತು.

ಒಂದು ದಿನ ಬಾಳವ್ವ ಮೇಸ್ತ್ರಿಗೆ ಹೇಳಿಕಳಿಸಿದಳು. ಗುಂಡಿ ಕಚ್ಚುತ್ತಿದೆ, ಇರುವೆ ಕಚ್ಚಿದಂತೆ, ಆದರೆ ಕಚ್ಚುವುದು ಹೌದು ಎಂದಳು.

ಮೇಸ್ತ್ರಿ ಬಂದ. ಬರುವಾಗಲೇ ಮುಖ ಬಿಗಿದಿತ್ತು. ತನ್ನ ಪ್ಯಾನೆಲ್ ಕಚ್ಚುವುದಿಲ್ಲ ಎಂದ. ಗುಂಡಿಯ ಮೇಲೆ ಬೆರಳಿಟ್ಟ. ಏನೂ ಆಗಲಿಲ್ಲ. ಇನ್ನೊಮ್ಮೆ ಇಟ್ಟ. ಏನೂ ಇಲ್ಲ. ನೆರೆದವರ ಕಡೆ ತಿರುಗಿ, ಒಮ್ಮೆ ಹಾವು ಕಂಡವರಿಗೆ ಹಗ್ಗವೂ ಹೆಡೆ ಎತ್ತಿದಂತೆ ಕಾಣುತ್ತದೆ ಎಂದ. ಕೆಲವರು ನಕ್ಕರು.

ಬಾಳವ್ವ ನಗಲಿಲ್ಲ. "ಅಣ್ಣಾರ, ಒಣಗೈಲೆ ಮುಟ್ಟಿ ನನ್ನ ಹುಚ್ಚಿ ಮಾಡಬ್ಯಾಡ್ರಿ. ಮಾತು ಕೊಟ್ಟಿದ್ದು ಹಸಿಗೈಗೆ."

ಮೇಸ್ತ್ರಿಗೆ ಮಾತು ನಾಟಿತು. ತೊಟ್ಟಿಯಲ್ಲಿ ಕೈ ಅದ್ದಿದ. ನೀಲಿ ನೀರು ಇಳಿಯುತ್ತಿದ್ದ ಬೆರಳನ್ನು ಗುಂಡಿಯ ಮೇಲಿಟ್ಟ. ಮೊಣಕೈವರೆಗೆ ಝುಮ್ಮೆಂದು ಕೈ ತಾನಾಗಿ ಹಿಂದಕ್ಕೆ ಬಂತು.

ಅವನು ಹೋಗಿ ಮೇನ್ ಸ್ವಿಚ್ ಇಳಿಸಿದ. ಹೆಗಲ ಮೇಲಿನ ಹತ್ಯಾರದ ಚೀಲ ತೆಗೆದು ಬಾಳವ್ವನ ಕಾಲ ಹತ್ತಿರ ಇಟ್ಟ. ಕಸುಬು ಬಿಡುವ ಮಾತು ಅವಳಿಗೂ ನೆನಪಿತ್ತು, ಉಳಿದವರಿಗೂ ನೆನಪಿತ್ತು. ಸಾವಕಾರ ಅಂಗಡಿಯವನನ್ನು ಬೈದ. ಮಂದವಾದ ಕೆಟ್ಟ ಮಾಲು ಕೊಟ್ಟು ಮೋಸ ಮಾಡಿದ್ದಾನೆ, ಬೇರೆ ತರಿಸೋಣ ಎಂದ. ಮೇಸ್ತ್ರಿಗೆ ತಪ್ಪಿಸಿಕೊಳ್ಳಲು ಒಂದು ದಾರಿ ತೆರೆದಿತ್ತು.

ಬಾಳವ್ವ ಚೀಲವನ್ನು ಕಾಲಿನಿಂದ ಅವನ ಕಡೆಗೇ ಸರಿಸಿದಳು. ಕಸುಬು ಬಿಡುವುದು ಆಮೇಲೆ, ಮೊದಲು ಬಾಗಿಲು ತೆಗೆದು ನೋಡಿ ಎಂದಳು.

ಮೇಸ್ತ್ರಿ ಬಾಗಿಲು ತೆಗೆದ. ಆಪ್ಟೋಕಪ್ಲರನ್ನು ಬಿಚ್ಚಿ ಪರೀಕ್ಷೆ ಮಾಡಿದ. ದೀಪ ಸರಿಯಾಗಿತ್ತು. ಕಣ್ಣು ಸರಿಯಾಗಿತ್ತು. ಆರಿಸಿದ್ದು ತಪ್ಪಲ್ಲ. ಅಂಗಡಿಯವನದೂ ತಪ್ಪಲ್ಲ. ಆಮೇಲೆ ಬೋರ್ಡನ್ನು ನೋಡಿದ. ಮೂರು ಎಳೆಗಳು ಬಿಳಿ ಹೋಗಿ ಕಪ್ಪಾಗಿದ್ದವು. ಮುಟ್ಟಿದರೆ ಜಿನುಗುತ್ತಿದ್ದವು. ಸೀಳಿದ ಕಂಡಿಯೊಳಗೂ ಬೂದಿ ಇಳಿದು ಗಟ್ಟಿಯಾಗಿತ್ತು. ಆ ಅಂಚಿನಿಂದ ಈ ಅಂಚಿಗೆ ಮೂರು ದಾರಿ. ಮೋಟರಿನ ಕರೆಂಟು ಅವುಗಳ ಮೇಲೆ ನಡೆದು ಬಂದಿತ್ತು. ಒಂದು ಕೂದಲೂ ದಾಟಬಾರದೆಂದು ಕಾಯ್ದುಕೊಂಡ ಜಾಗಕ್ಕೆ ತನ್ನ ಮೂರು ಬೆರಳಿನಿಂದ ತಾನೇ ಸೇತುವೆ ಹಾಕಿದ್ದ.

ಅವನು ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು ನಿಂತ. ಒರೆಸಲು ಕೈ ಏಳಲಿಲ್ಲ. ಹಚ್ಚಿದ ವಿಭೂತಿಯನ್ನು ಒರೆಸಿದವನಲ್ಲ ಅವನು. ಸಾವಕಾರನೂ ಹಿಂದೆ ಮುಂದೆ ನೋಡಿದ, ಅಪಶಕುನ ಎಂದ.

ಬಾಳವ್ವ ತನ್ನ ನೀಲಿ ಕೈ ನೋಡಿಕೊಂಡಳು. "ಒರಸ್ರಿ ಅಣ್ಣಾರ. ಶಿವಾ ಇಲ್ಲೂ ಇದ್ದಾನ್ರಿ."

ಮೇಸ್ತ್ರಿ ಬೋರ್ಡನ್ನು ಕಣ್ಣಿಗೊತ್ತಿಕೊಂಡ. ಮೂರು ಎಳೆಯನ್ನೂ ಒರೆಸಿದ. ಕಂಡಿಯೊಳಗಿನದನ್ನು ಕಡ್ಡಿಯಿಂದ ಕೆರೆದು ತೆಗೆದ. ಶುದ್ಧ ನೀರಿನಲ್ಲಿ ತೊಳೆದ, ಒಣಗಿಸಿದ. ತೆಗೆದ ಬೂದಿಯನ್ನು ನೆಲಕ್ಕೆ ಚೆಲ್ಲಲಿಲ್ಲ, ತನ್ನ ಹಣೆಗೆ ಹಚ್ಚಿಕೊಂಡ. ಬಣ್ಣದ ನೀರು ಬೆರೆತು ಹಣೆಯ ಎಳೆ ನೀಲಿಯಾಗಿ ಮೂಡಿತು.

ಈಗ ಸರಿಯಾದ ಜಾಗಕ್ಕೆ ಬಂತು ಎಂದು ಬಾಳವ್ವ ನಕ್ಕಳು. ಅವನೂ ನಕ್ಕ.

ಅದೇ ಆಪ್ಟೋಕಪ್ಲರನ್ನು ಒರೆಸಿ ಮತ್ತೆ ಕೂರಿಸಿದ. ಮೇನ್ ಏರಿಸಿ, ತೊಟ್ಟಿಯಲ್ಲಿ ಮೊದಲು ತನ್ನ ಕೈ ಅದ್ದಿ ಗುಂಡಿ ಒತ್ತಿದ. ಯಂತ್ರ ತಿರುಗಿತು. ಬೆರಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ಬಾಳವ್ವ ಒತ್ತಿದಳು. ಒತ್ತಿ, ಚೀಲವನ್ನು ಎತ್ತಿ ಅವನ ಹೆಗಲಿಗೆ ತಾನೇ ಹಾಕಿದಳು. ಅವಳು ಬಿಡುಗಡೆ ಕೊಟ್ಟ ಮೇಲೆ ಬೇರೆ ಯಾರೂ ಆ ಮಾತನ್ನು ಎತ್ತಲಿಲ್ಲ.

ಮುಂದಿನ ಮಹಾನವಮಿಗೂ ಸಾವಕಾರ ಅವನನ್ನೇ ಕರೆದ. ಮೇಸ್ತ್ರಿ ಬಾಗಿಲಿನ ಹೊರಮೈಗೆ ವಿಭೂತಿ ಹಚ್ಚಿದ. ಆಮೇಲೆ ಬಾಗಿಲು ತೆಗೆದು ಸುಮ್ಮನೆ ದೂರ ನಿಂತು ಒಳಗೆ ನೋಡಿದ. ಒಳಗಿನದಕ್ಕೆ ಪೂಜೆ ಇಲ್ಲವೇ ಎಂದು ಯಾರೋ ಕೇಳಿದರು. ಅದಕ್ಕೆ ಕಣ್ಣಿನಿಂದಲೇ ಕೈಮುಗಿಯಬೇಕು, ಅದು ಬೆಳಕನ್ನು ಮಾತ್ರ ಒಪ್ಪುವ ಜಾಗ ಎಂದ. ಅವನ ಹೆಮ್ಮೆ ಹೋಗಲಿಲ್ಲ, ಅಡಿವೆಪ್ಪಾ. ಹೋಗಬೇಕಾಗಿಯೂ ಇರಲಿಲ್ಲ. ಎಲ್ಲಿ ನಿಲ್ಲಬೇಕು ಎಂಬುದು ಅದಕ್ಕೆ ಗೊತ್ತಾಯಿತು.

ಅಮರಯ್ಯನವರು ಕತೆ ನಿಲ್ಲಿಸಿದರು.

ಅಡಿವೆಪ್ಪನಿಗೆ ಕತೆ ಹಿಡಿಸಿತ್ತು. ಮೇಸ್ತ್ರಿಯ ಮೇಲೆ ಅಭಿಮಾನ ಬಂದಿತ್ತು. ಅಂಗೈಯ ಮೂರರಲ್ಲಿ ಅಗಲ ಮೈಯದ್ದು ಯಾವುದೆಂದು ಹುಡುಕಿ, ಎರಡು ಬೆರಳಿನಲ್ಲಿ ಎತ್ತಿಹಿಡಿದ. ಯಾವುದು ಬಂದರೂ ಕೂರಲಿ ಎಂದು ಅವನು ಬೋರ್ಡಿನಲ್ಲಿ ಹತ್ತಿರದ ತೂತನ್ನೂ ದೂರದ ತೂತನ್ನೂ ಕೊರೆದಿದ್ದ. ಉತ್ತರ ಸಿಕ್ಕ ಸಂತೋಷದಲ್ಲಿ, ಹಾಗಾದರೆ ಇದನ್ನೇ ಕೂರಿಸುತ್ತೇನೆ ಎಂದು ಬೋರ್ಡಿಗೆ ಕೈ ಚಾಚಿದ.

ಗುರುಗಳು ಬೋರ್ಡನ್ನು ಕೊಡಲಿಲ್ಲ. ಬಿಸಿಲಿಗೆ ಹಿಡಿದು, ಅವನ ಕಣ್ಣಿನ ಮುಂದೆ ತಂದರು. ತಾಮ್ರದ ಅಕ್ಷರಗಳು ಹೊಳೆದವು. ಮೊದಲ ಅಕ್ಷರ ಮೋಟರಿನ ದಾರಿಯನ್ನು ಮುಟ್ಟುವಂತಿತ್ತು. ಕೊನೆಯ ಅಕ್ಷರ ಗುಂಡಿಯ ದಾರಿಯನ್ನು ಮುಟ್ಟುವಂತಿತ್ತು. ಅಡಿವೆಪ್ಪನ ಚಾಚಿದ ಕೈ ಅಲ್ಲಿಯೇ ನಿಂತಿತು.

ಗುರುಗಳು ಬೋರ್ಡನ್ನು ಅವನ ಕೈಗಿಟ್ಟರು. "ಅಗಲದ್ದನ್ನೇ ಕೂರಿಸು ತಮ್ಮಾ, ನೀನು ಕಟ್ಟಿದ್ದು ಚೆನ್ನಾಗಿದೆ, ನಾಳೆ ನಾನು ಹಸಿಗೈಯಲ್ಲಿ ಬರುವುದರೊಳಗೆ ನಡುವಿನಿಂದ ನನ್ನ ಹೆಸರನ್ನು ಕೆರೆದಿಡು."